ಕುದುರೆ ಕುಂಟುವವರೆಗೆ ಕಾಯಬೇಡಿ

ಲಾಳ ಬಿದ್ದ ಮೇಲೆ ನೋಡೋಣ ಬಿಡಿ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ, ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್. ಲಾಳ ಇದ್ದರೆ ಅದು ನೆಲಕ್ಕೆ ಉಜ್ಜಿ ಸವೆಯುವುದಿಲ್ಲ, ಮುಂಭಾಗ ಉದ್ದವಾಗುತ್ತಾ ಹೋಗುತ್ತದೆ, ಆಮೇಲೆ ಭಾರವೆಲ್ಲ ಕಾಲಿನ ಹಿಂಬದಿಗೆ, ಕೀಲುಗಳಿಗೆ ಬೀಳುತ್ತದೆ. ಅದಕ್ಕೇ 6ರಿಂದ 8 ವಾರಕ್ಕೊಮ್ಮೆ ಲಾಳ ಕಟ್ಟುವವರನ್ನು ಕರೆಸಬೇಕು. ಲಾಳ ಹೊಸದರಂತೆಯೇ ಇದ್ದರೂ ಸರಿ, ಬಿಚ್ಚಿ, ಗೊರಸು ಕತ್ತರಿಸಿ, ಅರ ಹಾಕಿ ಸಮ ಮಾಡಿ ಮತ್ತೆ ಕಟ್ಟಬೇಕು. ಲಾಳವಿಲ್ಲದ ಕುದುರೆಗೂ ಕತ್ತರಿಸುವ ಕೆಲಸ ತಪ್ಪುವುದಿಲ್ಲ.

ಮೊಳೆ ಹೊಡೆದರೆ ನೋವಾಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸರಿಯಾಗಿ ಹೊಡೆದರೆ ಆಗುವುದಿಲ್ಲ, ಗೊರಸಿನ ಹೊರಗೋಡೆಯಲ್ಲಿ ನರವೂ ಇಲ್ಲ, ರಕ್ತವೂ ಇಲ್ಲ. ಪಳಗಿದವರು ಹೊಡೆಯುವಾಗ ಸದ್ದಿಗೆ ಕಿವಿ ಕೊಟ್ಟಿರುತ್ತಾರೆ. ಗಟ್ಟಿ ಗೋಡೆಯೊಳಗೆ ಹೋಗುವ ಮೊಳೆ ಖಣ್ ಅನ್ನುತ್ತದೆ, ಒಳಗಿನ ಮೆತ್ತನೆ ಭಾಗದ ಕಡೆ ತಿರುಗಿದರೆ ಸದ್ದು ಮಂದವಾಗುತ್ತದೆ, ತಕ್ಷಣ ಕಿತ್ತುಬಿಡುತ್ತಾರೆ. ಪಕ್ಕದಿಂದ ಹೊರಬಂದ ತುದಿಯನ್ನು ಮುರಿದು, ಉಳಿದಿದ್ದನ್ನು ಮಡಚಿ ನುಣುಪು ಮಾಡುತ್ತಾರೆ. ಈ ಕೈಚಳಕಕ್ಕೆ ಕೊಡುವ ದುಡ್ಡಿನಲ್ಲಿ ಚೌಕಾಸಿ ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಉಳಿದ ದಿನಗಳ ಕೆಲಸ ನಮ್ಮದು. ದಿನಾ ಕಾಲೆತ್ತಿ, ಹಿಮ್ಮಡಿಯಿಂದ ಮುಂದಕ್ಕೆ ಕೊಕ್ಕೆ ಎಳೆದು ಕಲ್ಲು, ಕೆಸರು, ಲದ್ದಿ ತೆಗೆಯಿರಿ. ಅಡಿಯ ಸಂದಿಗಳಲ್ಲಿ ಕಪ್ಪಗೆ ಅಂಟಂಟಾಗಿ ನಾರುತ್ತಿದ್ದರೆ ಅಲ್ಲಿ ಕೊಳೆಯಲು ಶುರುವಾಗಿದೆ ಅಂತ, ಒದ್ದೆ ನೆಲದಲ್ಲಿ ನಿಂತರೆ ಇದು ಜಾಸ್ತಿ. ಗೊರಸು ಬಿಸಿಯಾಗಿದ್ದು ಕುದುರೆ ಕುಂಟುತ್ತಿದ್ದರೆ ಮಾತ್ರ ಸುಮ್ನೆ ಕೂರಬೇಡಿ, ಅದೇ ದಿನ ಪಶುವೈದ್ಯರಿಗೆ ಫೋನ್ ಮಾಡಿ.