ಅದೇ ತೂಕ, ಅದೇ ಸೆಟ್: ಮೈ ಯಾಕೆ ಬೆಳೆಯೋದಿಲ್ಲ?

ಬೆಂಚ್ ಪ್ರೆಸ್‌ನಲ್ಲಿ (ಬೆಂಚಿನ ಮೇಲೆ ಮಲಗಿ ಬಾರನ್ನು ಎದೆಯಿಂದ ಮೇಲೆತ್ತುವುದು) ಅದೇ 60 ಕೆಜಿ, ಅದೇ ಮೂರು ಸೆಟ್ (ಸೆಟ್ ಅಂದರೆ ನಡುವೆ ನಿಲ್ಲಿಸದೆ ಎತ್ತುವ ಒಂದು ಸುತ್ತು) ವರ್ಷಗಟ್ಟಲೆ ಹೊಡೆಯುವವರು ಮಡಿಕೇರಿಯಿಂದ ಗೋಣಿಕೊಪ್ಪದವರೆಗೆ ಎಲ್ಲ ಜಿಮ್‌ಗಳಲ್ಲೂ ಸಿಗುತ್ತಾರೆ. ಸ್ನಾಯು ಆ ಭಾರಕ್ಕೆ ಒಗ್ಗಿಹೋಗಿರುತ್ತದೆ, ಇನ್ನು ಬೆಳೆಯಲು ಅದಕ್ಕೆ ಕಾರಣವಿಲ್ಲ. ಹಾಗಂತ ವಾರವಾರವೂ ಪ್ಲೇಟ್ ಏರಿಸುತ್ತಾ ಹೋದರೆ ಭುಜ, ಮೊಣಕೈ ಹಿಡಿದುಕೊಳ್ಳುತ್ತವೆ. ಸ್ನಾಯು ಗಟ್ಟಿಯಾಗುವಷ್ಟು ಬೇಗ ಅದನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಗಟ್ಟಿಯಾಗುವುದಿಲ್ಲ. ದಾರಿ ಇರುವುದು ವಾರದೊಳಗೇ ಭಾರವನ್ನು ಏರಿಳಿಸುವುದರಲ್ಲಿ.

ಮೊದಲು ಲೆಕ್ಕ. 60 ಕೆಜಿಯನ್ನು 8 ಸಲ ಎತ್ತಿ, ಒಂಬತ್ತನೆಯದು ಏಳದಿದ್ದರೆ, 60ನ್ನು 8ರಿಂದ ಗುಣಿಸಿ 30ರಿಂದ ಭಾಗಿಸಿ. ಬಂದ 16ನ್ನು 60ಕ್ಕೆ ಕೂಡಿಸಿ. 76 ಕೆಜಿ, ಇದು ನೀವು ಒಂದೇ ಒಂದು ಸಲ ಎತ್ತಬಲ್ಲ ಭಾರದ ಅಂದಾಜು. ಆ ಅಂದಾಜಿನ ಆಧಾರದ ಮೇಲೆ ಸೋಮವಾರ 62.5 ಕೆಜಿ, 5 ರೆಪ್ಸ್ (ಅಂದರೆ ಪ್ರತಿ ಸೆಟ್‌ನಲ್ಲಿ ಐದು ಸಲ ಎತ್ತುವುದು), 4 ಸೆಟ್, ನಡುವೆ ಮೂರು ನಿಮಿಷ ವಿಶ್ರಾಂತಿ. ಬುಧವಾರ 50 ಕೆಜಿ, 13 ರೆಪ್ಸ್, 3 ಸೆಟ್. ಶುಕ್ರವಾರ 57.5 ಕೆಜಿ, 8 ರೆಪ್ಸ್, 3 ಸೆಟ್.

ಹೆಚ್ಚಿನವರು ಎಡವುವುದು ಬುಧವಾರ. ತೂಕ ಕಡಿಮೆ ಅಂದರೆ ಆರಾಮದ ದಿನ ಅಂದುಕೊಳ್ಳುತ್ತಾರೆ. ಹಗುರ ಭಾರದಲ್ಲೂ ಸ್ನಾಯು ಬೆಳೆಯುತ್ತದೆ, ಆದರೆ ಸೆಟ್ ಮುಗಿದಾಗ ಇನ್ನು ಎರಡೋ ಮೂರೋ ರೆಪ್ಸ್‌ಗಷ್ಟೇ ತ್ರಾಣ ಉಳಿದಿರಬೇಕು. ಇನ್ನೂ ಎಂಟು ಹೊಡೆಯಬಹುದಿತ್ತು ಅನ್ನಿಸಿದರೆ ಆ ಸೆಟ್ ವಾರ್ಮ್‌ಅಪ್ ಅಷ್ಟೆ.

ಮೂರೂ ದಿನದ ರೆಪ್ಸ್ ಪೂರ್ತಿ ಬಂದ ಮೇಲೆ ಮಾತ್ರ 2.5 ಕೆಜಿ ಸೇರಿಸಿ. ಜಿಮ್‌ನಲ್ಲಿ ಬಾರ್‌ನ ಎರಡೂ ಬದಿಗೆ ಹಾಕಲು 1.25 ಕೆಜಿ ಪ್ಲೇಟ್ ಇಲ್ಲವೇ? ಪ್ರತಿ ಸೆಟ್‌ಗೆ ಎರಡು ರೆಪ್ಸ್ ಹೆಚ್ಚಿಸಿಕೊಂಡು, ಆಮೇಲೆ 5 ಕೆಜಿ ಏರಿಸಿ. ಬೈಸೆಪ್ಸ್ ಕರ್ಲ್, ಭುಜದ ಸೈಡ್ ರೈಸ್‌ಗೆ ಮಾತ್ರ 5 ರೆಪ್ಸ್‌ನ ಭಾರ ಬೇಡ. ಬೆನ್ನು ಬಾಗಿಸಿ ಜೋಲಿ ಹೊಡೆದು ಎತ್ತುವುದಾಗುತ್ತದೆ. ಅವಕ್ಕೆ 10ರಿಂದ 15 ಸಾಕು. ಐದಾರು ವಾರಕ್ಕೊಮ್ಮೆ ಒಂದು ವಾರ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ. ಅದು ಸೋಮಾರಿತನವಲ್ಲ, ದಣಿವು ಇಳಿದ ಮೇಲೆಯೇ ಗಳಿಸಿದ ಬಲ ಹೊರಗೆ ಕಾಣುವುದು.

ನಮ್ಮ ಕೊಡಗಿನಲ್ಲಿ ವರ್ಷದ ಲೆಕ್ಕವನ್ನೂ ಇದಕ್ಕೆ ಹೊಂದಿಸಬೇಕು. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಇಳಿಜಾರಿನಲ್ಲಿ ಮೂಟೆ ಹೊತ್ತವರ ಸೊಂಟ, ಕಾಲು ಸಂಜೆಗೆ ಆಗಲೇ ದಣಿದಿರುತ್ತವೆ. ಆಗ ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತುವುದು) ಬಿಡಿ, ಸ್ಕ್ವಾಟ್ (ಹೆಗಲ ಮೇಲೆ ಬಾರ್ ಹೊತ್ತು ಕುಳಿತೇಳುವುದು) ವಾರಕ್ಕೆ ಒಂದೇ ದಿನ. ಎಂದಿನ ತೂಕವನ್ನೇ ಇಟ್ಟುಕೊಂಡು ಸೆಟ್ ಕಡಿಮೆ ಮಾಡಿದರೆ ಗಳಿಸಿದ್ದು ಉಳಿಯುತ್ತದೆ. ಜನವರಿಯ ಚಳಿ ಬೆಳಿಗ್ಗೆ ಖಾಲಿ ಬಾರ್‌ನಿಂದ ಶುರುಮಾಡಿ, ನಾಲ್ಕು ಹಂತದಲ್ಲಿ ಏರಿ. ಸೆಟ್ ಹೆಚ್ಚಿಸಲು ಮಳೆಗಾಲ ಒಳ್ಳೆಯದು, ಗದ್ದೆ ನಾಟಿಯ ವಾರಗಳನ್ನು ಬಿಟ್ಟು. ಬೇಸಿಗೆಯಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಟೂರ್ನಿಯಲ್ಲಿ ಆಡುವವರು ಪಂದ್ಯಕ್ಕೆ ಕನಿಷ್ಠ ಮೂರು ದಿನ ಮೊದಲೇ ಭಾರದ ಸ್ಕ್ವಾಟ್ ಮುಗಿಸಿಕೊಳ್ಳಿ. ಮೈಕೈ ನೋವು ಹೆಚ್ಚಾಗುವುದು ಮರುದಿನ ಮತ್ತು ಅದರ ಮರುದಿನ, ಬಿಗಿದ ತೊಡೆಯಲ್ಲಿ ಚೆಂಡಿನ ಹಿಂದೆ ಓಡಲಾಗುವುದಿಲ್ಲ.