ಆಟಗಾರ ಮಾಗಿದ ಅಂತ ಹೇಗೆ ಗೊತ್ತಾಗುತ್ತೆ?

‘ನಾನೀಗ ಮೊದಲಿನವನಲ್ಲ’ ಎಂದು ಫುಟ್‌ಬಾಲ್ ಆಟಗಾರರು ಸಂದರ್ಶನ ಕೊಡುವುದು ಹೆಚ್ಚಾಗಿ ಎರಡೇ ಹೊತ್ತಿನಲ್ಲಿ: ನಿಷೇಧ ಮುಗಿಸಿ ಮರಳುವಾಗ, ಇಲ್ಲವೇ ಹೊಸ ಕ್ಲಬ್ಬಿಗೆ ಸಹಿ ಹಾಕುವಾಗ. ಆಗ ಬೇರೇನು ತಾನೇ ಹೇಳಿಯಾರು? ಆ ಮಾತನ್ನು ಪಕ್ಕಕ್ಕಿಡಿ. ಆತ ಹಿಂದೆ ಎಂಥ ಗಳಿಗೆಯಲ್ಲಿ ಎಡವಿದ್ದ, ಅಂಥದ್ದೇ ಗಳಿಗೆ ಮತ್ತೆ ಬಂದಾಗ ಏನು ಮಾಡಿದ ಅನ್ನುವುದನ್ನು ನೋಡಿ. ಪತ್ತೆ ಹಚ್ಚಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಟೋನಿ ಆಡಮ್ಸ್ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಆದರೆ ಘಟನೆಗಳ ಕ್ರಮವನ್ನು ತಪ್ಪಾಗಿ ಹೇಳುತ್ತಾರೆ. 21ನೇ ವಯಸ್ಸಿಗೇ ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ನಾಯಕನಾದವ ಆತ. 1990ರ ಮೇ ತಿಂಗಳಲ್ಲಿ ಕುಡಿದು ಕಾರು ಓಡಿಸಿ ಗೋಡೆಗೆ ಗುದ್ದಿದ. ರಕ್ತದಲ್ಲಿದ್ದ ಮದ್ಯ ಕಾನೂನಿನ ಮಿತಿಗಿಂತ ನಾಲ್ಕು ಪಟ್ಟು ಹೆಚ್ಚು. ಡಿಸೆಂಬರಿನಲ್ಲಿ ನಾಲ್ಕು ತಿಂಗಳ ಶಿಕ್ಷೆಯಾಗಿ, ಸುಮಾರು ಎರಡು ತಿಂಗಳು ಜೈಲಿನಲ್ಲಿದ್ದ. ಹೊರಬಂದು ಅದೇ ಋತುವಿನಲ್ಲಿ ಲೀಗ್ ಗೆದ್ದ. ಕುಡಿತವನ್ನು ಮಾತ್ರ ಇನ್ನೂ ಐದು ವರ್ಷಕ್ಕೂ ಹೆಚ್ಚು ಕಾಲ ಬಿಡಲಿಲ್ಲ.

ಜೈಲೂ ಬದಲಾಯಿಸಲಿಲ್ಲ ಏಕೆ? ಆತ ಮರಳಿದ್ದು ಅದೇ ವಾತಾವರಣಕ್ಕೆ. ಬುಧವಾರ ರಜೆಯಿದ್ದುದರಿಂದ ಮಂಗಳವಾರದ ತರಬೇತಿ ಮುಗಿಯುತ್ತಲೇ ಆರ್ಸೆನಲ್ ಆಟಗಾರರು ಗುಂಪಾಗಿ ಕುಡಿಯಲು ಹೊರಡುತ್ತಿದ್ದರು. ಅದಕ್ಕೆ ‘ಟ್ಯೂಸ್‌ಡೇ ಕ್ಲಬ್’ ಎಂಬ ಹೆಸರೇ ಇತ್ತು. ಶನಿವಾರದ ಆಟ ಚೆನ್ನಾಗಿದ್ದರೆ ಮಂಗಳವಾರದ ಲೆಕ್ಕವನ್ನು ಯಾರೂ ಕೇಳುತ್ತಿರಲಿಲ್ಲ. ಈ ವೃತ್ತಿಯ ದಿನಚರಿಯೂ ಹಾಗೇ ಇದೆ. ತರಬೇತಿ ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ, ಆಮೇಲಿನ ಹೊತ್ತೆಲ್ಲ ಖಾಲಿ, ಕೈಯಲ್ಲಿ ಹಣ, ವಯಸ್ಸು ಇಪ್ಪತ್ತರ ಆಸುಪಾಸು. ಗಾಯವಾದರಂತೂ ಶನಿವಾರದ ಪಂದ್ಯವೂ ಇಲ್ಲ. ಹಲವರು ಹಳಿ ತಪ್ಪುವುದು ಪಂದ್ಯದ ದಿನ ಅಲ್ಲ, ಗಾಯಗೊಂಡು ಕೂತ ವಾರಗಳಲ್ಲಿ.

1996ರ ಯೂರೋ (ಯುರೋಪಿನ ದೇಶಗಳ ಟೂರ್ನಿ) ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಪೆನಾಲ್ಟಿಗಳಲ್ಲಿ ಜರ್ಮನಿಗೆ ಸೋತ ಮೇಲೆ ಆಡಮ್ಸ್ ವಾರಗಟ್ಟಲೆ ಕುಡಿದ. ಕುಡಿತ ನಿಲ್ಲಿಸಿದ್ದು ಆ ಆಗಸ್ಟ್ 16ರಂದು. ಸೆಪ್ಟೆಂಬರ್ ಮಧ್ಯದಲ್ಲಿ ತಾನು ಮದ್ಯವ್ಯಸನಿ ಎಂದು ತಂಡದವರ ಮುಂದೆ ಒಪ್ಪಿಕೊಂಡ. ಆರ್ಸೆನ್ ವೆಂಗರ್ ಕೋಚ್ ಆಗಿ ಮೊದಲ ಪಂದ್ಯ ಆಡಿಸಿದ್ದು ಅಕ್ಟೋಬರ್ 12ರಂದು. ಅಂದರೆ ‘ವೆಂಗರ್ ಬಂದು ಆಡಮ್ಸ್‌ನನ್ನು ಸರಿಪಡಿಸಿದ’ ಎಂಬ ಜನಪ್ರಿಯ ಮಾತು ತಲೆಕೆಳಗು. ಆಡಮ್ಸ್ ಮೊದಲು ತಾನೇ ನಿಲ್ಲಿಸಿದ; ವೆಂಗರ್ ತಂದ ಆಹಾರಕ್ರಮ, ವ್ಯಾಯಾಮ, ಶಿಸ್ತು ಆ ನಿರ್ಧಾರಕ್ಕೆ ಬೇಲಿ ಹಾಕಿದವು. ಎರಡೂ ಬೇಕಿತ್ತು, ಆದರೆ ಯಾವುದು ಮೊದಲು ಅನ್ನುವುದು ಮುಖ್ಯ. ಆಮೇಲೆ 1998ರಲ್ಲೊಮ್ಮೆ, 2002ರಲ್ಲೊಮ್ಮೆ ನಾಯಕನಾಗಿ ಲೀಗ್ ಮತ್ತು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ನಡೆಸುವ ಎಫ್‌ಎ ಕಪ್ ಎರಡನ್ನೂ ಒಂದೇ ಋತುವಿನಲ್ಲಿ ಎತ್ತಿದ. ನಡುವೆ 2000ದಲ್ಲಿ, ವ್ಯಸನಕ್ಕೆ ಸಿಕ್ಕ ಕ್ರೀಡಾಪಟುಗಳಿಗಾಗಿ ‘ಸ್ಪೋರ್ಟಿಂಗ್ ಚಾನ್ಸ್’ ಎಂಬ ಚಿಕಿತ್ಸಾಲಯ ಶುರುಮಾಡಿದ. ಟ್ರೋಫಿಗಳಿಗಿಂತ ನನಗೆ ಇದೇ ದೊಡ್ಡ ಸಾಕ್ಷಿ.

ದಂಡದಿಂದ ಬುದ್ಧಿ ಬರುತ್ತದೆಯೇ ಅಂದರೆ, ಬಹಳ ಕಡಿಮೆ. ಇಂಗ್ಲೆಂಡಿನಲ್ಲಿ ಆಟಗಾರರ ಸಂಘದ ಒಪ್ಪಿಗೆ ಇಲ್ಲದೆ ಕ್ಲಬ್ಬು ಎರಡು ವಾರದ ಸಂಬಳಕ್ಕಿಂತ ಹೆಚ್ಚು ದಂಡ ಹಾಕುವಂತಿಲ್ಲ. ಸುದ್ದಿಯಲ್ಲಿ ಆ ಮೊತ್ತ ಭಾರಿ ಎನಿಸಬಹುದು, ಆಟಗಾರನಿಗೆ ತಟ್ಟುವುದಿಲ್ಲ. ತಟ್ಟುವುದು ಆಟ ತಪ್ಪಿದಾಗ. 1995ರ ಜನವರಿ 25ರಂದು ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ ರೆಡ್ ಕಾರ್ಡ್ ಪಡೆದು ಹೊರನಡೆಯುತ್ತಿದ್ದ ಎರಿಕ್ ಕ್ಯಾಂಟೊನಾ ಬೈದ ಪ್ರೇಕ್ಷಕನಿಗೆ ಹಾರಿ ಒದ್ದ. ಆತನ ಕ್ಲಬ್ಬು ಮ್ಯಾಂಚೆಸ್ಟರ್ ಯುನೈಟೆಡ್ 20,000 ಪೌಂಡ್, ಎಫ್‌ಎ 10,000 ಪೌಂಡ್ ದಂಡ ಹಾಕಿದವು. ಅದು ಯಾರಿಗೂ ನೆನಪಿಲ್ಲ. ಸೆಪ್ಟೆಂಬರ್ 30ರವರೆಗಿನ ನಿಷೇಧ ಮಾತ್ರ ಎಲ್ಲರಿಗೂ ನೆನಪಿದೆ. ಎರಡು ವಾರದ ಜೈಲು ಶಿಕ್ಷೆ ಮೇಲ್ಮನವಿಯಲ್ಲಿ 120 ಗಂಟೆಗಳ ಸಮುದಾಯ ಸೇವೆಯಾಗಿ ಇಳಿಯಿತು. ಆ ಗಂಟೆಗಳಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸಿದ. ಬಿಟ್ಟುಹೋಗಲು ಸಿದ್ಧನಾಗಿದ್ದವನನ್ನು ಕೋಚ್ ಅಲೆಕ್ಸ್ ಫರ್ಗುಸನ್ ಪ್ಯಾರಿಸ್‌ಗೇ ಹೋಗಿ ಒಪ್ಪಿಸಿ ಕರೆತಂದರು. ಮರಳಿದ ಮೇಲೆ ಇಂಗ್ಲೆಂಡಿನ ಮೈದಾನಗಳಲ್ಲಿ ಆತನನ್ನು ಕೆಣಕುವವರಿಗೇನು ಕೊರತೆಯಿರಲಿಲ್ಲ. ಆದರೂ 1996ರ ಎಫ್‌ಎ ಕಪ್ ಫೈನಲ್‌ನಲ್ಲಿ ನಾಯಕನ ಪಟ್ಟಿ ಕಟ್ಟಿದ್ದು ಆತನೇ, ಲಿವರ್‌ಪೂಲ್ ವಿರುದ್ಧದ ಏಕೈಕ ಗೋಲು ಹೊಡೆದದ್ದೂ ಆತನೇ. ಮುಂಗೋಪಿಗೆ ನಾಯಕತ್ವ ಕೊಡುವುದು ಜೂಜು. ಜೊತೆಯವರ ಬಗ್ಗೆ ಕಾಳಜಿ ಇದ್ದವನಲ್ಲಿ ಅದು ಫಲಿಸುತ್ತದೆ. ತನ್ನ ಬಗ್ಗೆ ಮಾತ್ರ ಇದ್ದವನಲ್ಲಿ ಅಹಂಕಾರ ಇನ್ನಷ್ಟು ಬೆಳೆಯುತ್ತದೆ, ಅಷ್ಟೆ.

ಈಗ ಕಷ್ಟದ ಉದಾಹರಣೆ, ಉರುಗ್ವೆಯ ಲೂಯಿಸ್ ಸುವಾರೆಜ್. 2010ರಲ್ಲಿ ಅಯಾಕ್ಸ್ ಪರ ಆಡುತ್ತ ಒಟ್ಮನ್ ಬಕ್ಕಾಲ್‌ನನ್ನು ಕಚ್ಚಿ 7 ಪಂದ್ಯ ನಿಷೇಧ. 2013ರಲ್ಲಿ ಲಿವರ್‌ಪೂಲ್ ಪರ ಆಡುತ್ತ ಚೆಲ್ಸಿಯ ಇವಾನೊವಿಚ್‌ನನ್ನು ಕಚ್ಚಿ 10 ಪಂದ್ಯ. 2014ರ ವಿಶ್ವಕಪ್‌ನಲ್ಲಿ ಇಟಲಿಯ ಕಿಯೆಲ್ಲಿನಿಯನ್ನು ಕಚ್ಚಿ 9 ಅಂತಾರಾಷ್ಟ್ರೀಯ ಪಂದ್ಯ, ಜೊತೆಗೆ ನಾಲ್ಕು ತಿಂಗಳು ಫುಟ್‌ಬಾಲ್‌ನಿಂದಲೇ ದೂರ. ಎರಡನೆಯ ಮತ್ತು ಮೂರನೆಯ ಕಡಿತದ ನಡುವಿನ ಋತುವನ್ನು ನೋಡಿ: ನಿಷೇಧ ಮುಗಿಸಿ ಬಂದು 33 ಲೀಗ್ ಪಂದ್ಯಗಳಲ್ಲಿ 31 ಗೋಲು. ಪತ್ರಿಕೆಗಳೆಲ್ಲ ‘ಹೊಸ ಸುವಾರೆಜ್’ ಎಂದು ಕೊಂಡಾಡಿದವು. ಋತು ಮುಗಿದು ಆರೇ ವಾರಕ್ಕೆ ಮತ್ತೆ ಹಲ್ಲು.

ಮೂರನ್ನೂ ಅಕ್ಕಪಕ್ಕ ಇಟ್ಟರೆ ಮಾದರಿ ಕಾಣುತ್ತದೆ. ಬಕ್ಕಾಲ್ ಪಂದ್ಯ 0-0. ಚೆಲ್ಸಿ ಪಂದ್ಯದಲ್ಲಿ ಸ್ವತಃ ಚೆಂಡಿಗೆ ಕೈ ತಾಗಿಸಿ ಎದುರಾಳಿಗೆ ಪೆನಾಲ್ಟಿ ಕೊಟ್ಟಿದ್ದ, ತಂಡ ಹಿಂದಿತ್ತು. ಇಟಲಿ ಪಂದ್ಯ ಕಡೆಯ ಹತ್ತು ನಿಮಿಷ ಸಮೀಪಿಸಿದರೂ 0-0. ಗೋಲು ಬರುತ್ತಿರುವಷ್ಟು ದಿನ ಈತನ ಸಂಯಮಕ್ಕೆ ಪರೀಕ್ಷೆಯೇ ಇರಲಿಲ್ಲ. ಪರೀಕ್ಷೆ ಇದ್ದದ್ದು ಕಾಲು ಕಟ್ಟಿಹಾಕಿದಂಥ ಪಂದ್ಯಗಳಲ್ಲಿ. ಬಾರ್ಸಿಲೋನಾದ ಆರು ವರ್ಷಗಳಲ್ಲಿ 198 ಗೋಲು ಹೊಡೆದ, ಒಮ್ಮೆಯೂ ಕಚ್ಚಲಿಲ್ಲ. ಅದು ನಿಜವಾದ ಬದಲಾವಣೆಯೇ. ಆದರೆ 2025ರ ಆಗಸ್ಟ್ 31ರಂದು ಲೀಗ್ಸ್ ಕಪ್ ಫೈನಲ್‌ನಲ್ಲಿ ಆತನ ಅಮೆರಿಕದ ಕ್ಲಬ್ಬು ಇಂಟರ್ ಮಯಾಮಿ 0-3ರಿಂದ ಸೋತಾಗ, 38ರ ವಯಸ್ಸಿನಲ್ಲಿ, ಸಿಯಾಟಲ್ ತಂಡದ ಸಿಬ್ಬಂದಿಯೊಬ್ಬರ ಮೇಲೆ ಉಗುಳಿದ. ಆ ಟೂರ್ನಿಯಲ್ಲಿ 6 ಪಂದ್ಯ, ಮೇಜರ್ ಲೀಗ್ ಸಾಕರ್‌ನಲ್ಲಿ 3 ಪಂದ್ಯ ನಿಷೇಧ. ಹಲ್ಲು ನಿಂತಿತ್ತು, ಸೋಲಿನ ಮುಂದಿನ ಸಿಟ್ಟು ನಿಂತಿರಲಿಲ್ಲ. ಇದನ್ನು ‘ಬದಲಾಗಲೇ ಇಲ್ಲ’ ಎಂದು ಓದುವವರೂ ಇದ್ದಾರೆ, ನಾನು ಹಾಗೆ ಓದುವುದಿಲ್ಲ. ಹನ್ನೊಂದು ವರ್ಷ ತಡೆದದ್ದೂ ಲೆಕ್ಕಕ್ಕೆ ಬರಬೇಕು.

ಡೇವಿಡ್ ಬೆಕಮ್‌ಗೆ ಅದೇ ಪರೀಕ್ಷೆ ಅಚ್ಚೊತ್ತಿದಂತೆ ಮತ್ತೆ ಬಂತು. 1998ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ಸಿಮಿಯೋನೆಗೆ ಕಾಲು ಬೀಸಿ ರೆಡ್ ಕಾರ್ಡ್. ತಂಡ ಹೊರಬಿತ್ತು, ಊರೂರಲ್ಲಿ ಉಗಿಸಿಕೊಂಡ. 2002ರಲ್ಲಿ ಸಪ್ಪೊರೊದಲ್ಲಿ ಅದೇ ಅರ್ಜೆಂಟೀನಾ, ಎದುರಿಗೆ ಅದೇ ಸಿಮಿಯೋನೆ. ಪೆನಾಲ್ಟಿ ತೆಗೆದು 1-0 ಗೆಲ್ಲಿಸಿದ. ಕಥೆ ಇಲ್ಲಿಗೆ ನಿಂತಿದ್ದರೆ ಚೆಂದ. 2004ರಲ್ಲಿ ವೇಲ್ಸ್ ವಿರುದ್ಧ ಪಕ್ಕೆಲುಬಿಗೆ ಪೆಟ್ಟಾಗಿ ಮುಂದಿನ ಪಂದ್ಯ ಹೇಗೂ ಆಡಲಾರೆ ಎಂದು ಗೊತ್ತಾದಾಗ ಬೇಕೆಂದೇ ಹಳದಿ (ಎಚ್ಚರಿಕೆಯ) ಕಾರ್ಡ್ ಪಡೆದ, ಅದರಿಂದ ಬರುವ ಅಮಾನತು ಹೇಗೂ ಆಡಲಾಗದ ಆ ಪಂದ್ಯದಲ್ಲೇ ತೀರಲಿ ಎಂದು. ಅಷ್ಟಕ್ಕೆ ಸುಮ್ಮನಿರದೆ ಪತ್ರಕರ್ತರಿಗೂ ಹೇಳಿ ಕ್ಷಮೆ ಕೇಳಬೇಕಾಯಿತು. 2005ರಲ್ಲಿ ಆಸ್ಟ್ರಿಯಾ ವಿರುದ್ಧ ಎರಡು ಹಳದಿ ಕಾರ್ಡ್ ಪಡೆದು, ಹೊರದಬ್ಬಿಸಿಕೊಂಡ ಮೊದಲ ಇಂಗ್ಲೆಂಡ್ ನಾಯಕನಾದ.

ವಯಸ್ಸಿನ ಮೇಲೆ ಪೂರ್ತಿ ಭಾರ ಹಾಕುವುದೂ ತಪ್ಪು. ಬುಫಾನ್ ತನ್ನ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತಾಡಿದ, ಎಲ್ಲರೂ ಗೌರವಿಸುವ ಇಟಲಿಯ ಗೋಲ್‌ಕೀಪರ್. 2018ರ ಏಪ್ರಿಲ್‌ನಲ್ಲಿ, 40ರ ವಯಸ್ಸಿನಲ್ಲಿ, ರಿಯಲ್ ಮ್ಯಾಡ್ರಿಡ್ ಪಂದ್ಯದ ಕಡೇ ಗಳಿಗೆಯಲ್ಲಿ ರೆಫರಿಯ ಮೇಲೆ ಏರಿಹೋಗಿ ರೆಡ್ ಕಾರ್ಡ್ ಪಡೆದ. ಪೋರ್ಚುಗಲ್‌ನ ರಕ್ಷಣಾ ಆಟಗಾರ ಪೆಪೆಯದು ಇದಕ್ಕೆ ತಿರುವುಮುರುವು. 2009ರಲ್ಲಿ ಕೆಳಗೆ ಬಿದ್ದವನನ್ನು ಒದ್ದು 10 ಪಂದ್ಯ ನಿಷೇಧ, 2014ರಲ್ಲಿ ಜರ್ಮನಿಯ ಮ್ಯೂಲರ್‌ಗೆ ತಲೆಯಿಂದ ಗುದ್ದಿ ರೆಡ್ ಕಾರ್ಡ್ ಪಡೆದು ಹೊರಗೆ. ಎರಡು ವರ್ಷದ ಬಳಿಕ ಯೂರೋ ಫೈನಲ್‌ನಲ್ಲಿ ಪೋರ್ಚುಗಲ್ ರಕ್ಷಣೆಯ ಆಧಾರಸ್ತಂಭ, 2024ರಲ್ಲಿ 41ನೇ ವಯಸ್ಸಿಗೆ ಯೂರೋ ಆಡಿದ ಅತಿ ಹಿರಿಯ.

ಕಾರ್ಡುಗಳನ್ನು ಎಣಿಸಿ ತೀರ್ಪು ಕೊಡುವವರಿಗೆ ಒಂದೆರಡು ಎಚ್ಚರಿಕೆ. ಪ್ರೀಮಿಯರ್ ಲೀಗ್‌ನಲ್ಲಿ ಮೊದಲ 19 ಪಂದ್ಯಗಳೊಳಗೆ 5 ಹಳದಿ ಬಂದರೆ ಒಂದು ಪಂದ್ಯ, 32ರೊಳಗೆ 10 ಬಂದರೆ ಎರಡು ಪಂದ್ಯ ಅಮಾನತು. 19 ಪಂದ್ಯಗಳ ಗಡಿ ದಾಟುವವರೆಗೆ, ನಾಲ್ಕು ಕಾರ್ಡ್ ಇದ್ದವ ಕಾಲು ಹಿಂದೆಳೆದುಕೊಂಡು ಆಡುತ್ತಾನೆ. ಅದು ಮಾಗಿದ್ದಲ್ಲ, ಲೆಕ್ಕಾಚಾರ. ರಕ್ಷಣಾತ್ಮಕ ಮಿಡ್‌ಫೀಲ್ಡರ್‌ಗೆ ಎದುರಾಳಿಯ ಓಟ ತಡೆದು ಬರುವ ಹಳದಿ ಕೆಲಸದ ಭಾಗ, ಅದನ್ನು ಬಿಟ್ಟುಬಿಡಿ. ರೆಫರಿಯ ಜೊತೆ ವಾದಿಸಿ ಬಂದದ್ದು, ಚೆಂಡು ದೂರ ಹೋದಮೇಲೆ ಒದ್ದು ಬಂದದ್ದು, ಸೋಲುತ್ತಿದ್ದಾಗ ಬಂದದ್ದು, ಇವನ್ನು ಬೇರೆ ತೆಗೆದು ಕನಿಷ್ಠ ಮೂರು ಋತು ನೋಡಿ. 2024ರ ಯೂರೋದಲ್ಲಿ, ನಾಯಕನೊಬ್ಬನೇ ರೆಫರಿಯ ಬಳಿ ಹೋಗಿ ವಿವರಣೆ ಕೇಳಬಹುದು ಎಂಬ ಕ್ರಮ ಬಂತು. ಅಲ್ಲಿಂದೀಚೆಗೆ ಅದನ್ನು ಅಳವಡಿಸಿಕೊಂಡ ಟೂರ್ನಿಗಳಲ್ಲಿ ವಾದದ ಕಾರ್ಡುಗಳ ಅಳತೆಗೋಲೇ ಬೇರೆ. ಹಳೆಯ ಅಂಕಿಗಳ ಪಕ್ಕದಲ್ಲಿ ನೇರವಾಗಿ ಇಡಬೇಡಿ.