ಯೂನಿಯನ್ ಕಟ್ಟಿದರೆ ಕೆಲಸ ಹೋಗುತ್ತಾ?

"ಯೂನಿಯನ್ ಮಾಡೋಣ ಅಂತಿದೀವಿ. ಮಾಡಿದ್ರೆ ಕೆಲಸದಿಂದ ತೆಗೀತಾರಾ?" ಪೀಣ್ಯದ ಮೆಷಿನ್ ಶಾಪಿನವರು, ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು, ಈಚೆಗೆ ಐಟಿ ಕಂಪನಿಯ ಹುಡುಗರು, ಎಲ್ಲರೂ ಕೇಳುವುದು ಇದನ್ನೇ.

ಯೂನಿಯನ್ ಕಟ್ಟಿದ್ದಕ್ಕೆ ತೆಗೆಯುವ ಹಾಗಿಲ್ಲ, ಕಾನೂನು ಅಷ್ಟು ಸ್ಪಷ್ಟವಾಗಿದೆ. ಆದರೆ ಯಾವ ಕಂಪನಿಯೂ ವಜಾ ಪತ್ರದಲ್ಲಿ ಆ ಕಾರಣ ಬರೆಯುವುದಿಲ್ಲ. ಹೇಳದೆ ಗೈರುಹಾಜರಾದ, ಸೂಪರ್‌ವೈಸರ್ ಮೇಲೆ ಕೂಗಾಡಿದ, ಟಾರ್ಗೆಟ್ ಮುಟ್ಟಲಿಲ್ಲ, ವರ್ಗ ಮಾಡಿದ ಕಡೆ ಹೋಗಲಿಲ್ಲ ಎಂದು ಬರೆಯುತ್ತಾರೆ. ಮುಂದೆ ಕೋರ್ಟಿನಲ್ಲಿ ನಿಮ್ಮ ಪರ ಮಾತಾಡುವುದು ದಿನಾಂಕಗಳು. ಯೂನಿಯನ್ ವಿಷಯ ಕಂಪನಿಗೆ ಗೊತ್ತಾದದ್ದು ಎಂದು, ಮೊದಲ ಷೋಕಾಸ್ ನೋಟಿಸ್ ಬಂದದ್ದು ಎಂದು? ಹತ್ತು ವರ್ಷ ಒಂದೂ ಮೆಮೊ ಇಲ್ಲದವನಿಗೆ ಯೂನಿಯನ್ ಪತ್ರ ತಲುಪಿದ ಹದಿನೈದೇ ದಿನಕ್ಕೆ ಮೂರು ಮೆಮೊ ಬಂದಿದ್ದರೆ ನ್ಯಾಯಾಧೀಶರು ಅದನ್ನು ಗಮನಿಸದೆ ಇರುವುದಿಲ್ಲ. ಆದರೆ ಆ ಪತ್ರ ತಲುಪಿದ ದಿನಕ್ಕೆ ಸಾಕ್ಷಿ ಬೇಕು. ಬಹಳ ಕಡೆ ಕೇಸು ಸೋಲುವುದು ಇಲ್ಲೇ.

ಕಾನೂನು ಎಲ್ಲಿಂದ ಬಂತು ಎಂದು ಎರಡು ಮಾತು. 1918ರಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಮಿಲ್ಲಿನವರು ಅದರ ಮುಖಂಡ ಬಿ.ಪಿ. ವಾಡಿಯಾ ಅವರ ಮೇಲೆ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಆ ಪೆಟ್ಟಿನಿಂದಲೇ ಕಾನೂನು ಬೇಕೆಂಬ ಒತ್ತಾಯ ಬಲವಾಗಿ 1926ರ ಟ್ರೇಡ್ ಯೂನಿಯನ್ ಕಾಯ್ದೆ ಬಂತು. ಅದು ಯೂನಿಯನ್ನಿಗೆ ಕೋರ್ಟು ಕೇಸಿನಿಂದ ರಕ್ಷಣೆ ಕೊಟ್ಟಿತು, ಕೆಲಸಕ್ಕೆ ಕೊಡಲಿಲ್ಲ. ಕೆಲಸಕ್ಕೆ ರಕ್ಷಣೆ ಬಂದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆಯ ಸೆಕ್ಷನ್ 33ರಲ್ಲಿ. ಯೂನಿಯನ್ ಸೇರಿದ್ದಕ್ಕೆ ಶಿಕ್ಷಿಸುವುದು ‘ಅನುಚಿತ ಕಾರ್ಮಿಕ ಪದ್ಧತಿ’ ಎಂದು ಪಟ್ಟಿ ಮಾಡಿ ಅಪರಾಧವೆನ್ನಿಸಿದ ತಿದ್ದುಪಡಿ ಜಾರಿಗೆ ಬಂದದ್ದು 1984ರಲ್ಲಿ.

2025ರ ನವೆಂಬರ್ 21ರಿಂದ ಈ ಎರಡೂ ಕಾಯ್ದೆಗಳ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಹಳಬರು ಈಗಲೂ ‘ಥರ್ಟಿ ತ್ರೀ’ ಎನ್ನುವುದು ಹೊಸದರಲ್ಲಿ ಸೆಕ್ಷನ್ 90. ಅನುಚಿತ ಪದ್ಧತಿಗಳ ಪಟ್ಟಿ ಎರಡನೇ ಅನುಸೂಚಿಯಲ್ಲಿದೆ. ಅದನ್ನು ಒಮ್ಮೆ ಕೂತು ಓದಿ. ಯೂನಿಯನ್ ಸೇರಿದರೆ ತೆಗೆಯುತ್ತೇವೆ ಎಂದು ಬೆದರಿಸುವುದು, ಸಂಘಟನೆ ನಡೆಯುತ್ತಿರುವ ಹೊತ್ತಿಗೇ ಸಂಬಳ ಏರಿಸಿ ಒಗ್ಗಟ್ಟು ಒಡೆಯುವುದು, ಕಂಪನಿಯೇ ಒಂದು ಯೂನಿಯನ್ ಹುಟ್ಟುಹಾಕುವುದು, ಸುಳ್ಳು ಕ್ರಿಮಿನಲ್ ಕೇಸಿನಲ್ಲಿ ಸಿಕ್ಕಿಸುವುದು, ದುರುದ್ದೇಶದ ವರ್ಗಾವಣೆ, ಎಲ್ಲವೂ ಅದರಲ್ಲಿವೆ. ದೂರು ಬರೆಯುವಾಗ ‘ಕಿರುಕುಳ ಕೊಡುತ್ತಿದ್ದಾರೆ’ ಎಂದು ಬರೆದು ಬಿಡಬೇಡಿ, ಪಟ್ಟಿಯ ಯಾವ ಅಂಶ ಎಂದು ಸಂಖ್ಯೆ ಹಾಕಿ.

ಸಂಘಟನೆಯ ಕೆಲಸದಲ್ಲಿ ಅತಿ ಅಪಾಯದ ಕಾಲ ಮೊದಲ ಸಭೆಯಿಂದ ನೋಂದಣಿ ಪತ್ರ ಕೈಗೆ ಬರುವವರೆಗಿನದು. ನೋಂದಣಿಗೆ ಏಳು ಜನ ಅರ್ಜಿದಾರರು ಸಾಕು. ಆದರೆ ಅಲ್ಲಿ ಕೆಲಸ ಮಾಡುವವರಲ್ಲಿ ಶೇ. 10 ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. 400 ಜನರ ಕಾರ್ಖಾನೆಗೆ 40, 3,000 ಜನರ ಕಾರ್ಖಾನೆಗೆ 100. ಇಲ್ಲಿ ನನ್ನ ಸಲಹೆ ಗಟ್ಟಿ: ಬೇಕಾದ ಸಂಖ್ಯೆಯ ಎರಡರಷ್ಟು ಸದಸ್ಯತ್ವ ರಸೀದಿ ಹರಿದ ಮೇಲೆಯೇ ಅರ್ಜಿ ಹಾಕಿ. ಪರಿಶೀಲನೆ ವೇಳೆ ಹೆಸರುಗಳು ಕಂಪನಿಯ ಕಿವಿಗೆ ಬೀಳುವುದುಂಟು, ಆಗ ಹತ್ತು ಮಂದಿ ಹೆದರಿ ‘ನಾನು ಸದಸ್ಯನಲ್ಲ’ ಎಂದು ಬರೆದುಕೊಟ್ಟರೆ ಅರ್ಜಿ ಬಿದ್ದುಹೋಗುತ್ತದೆ. ಅಲ್ಲಿಯವರೆಗೆ ಸಭೆ ಕಂಪನಿಯ ಆವರಣದ ಹೊರಗೆ, ಪಾಳಿ ಮುಗಿದ ಮೇಲೆ. ಕೆಲಸದ ವೇಳೆಯಲ್ಲಿ ಸಭೆ ಮಾಡಿದರೆ ಅದೇ ಆಪಾದನೆಯಾಗುತ್ತದೆ. ಕಂಪನಿ ಕೊಟ್ಟ ಫೋನು, ಇಮೇಲ್ ಇದಕ್ಕೆ ಮುಟ್ಟಲೇಬೇಡಿ.

ನೋಂದಣಿ ಆದೊಡನೆ ಪದಾಧಿಕಾರಿಗಳ ಪಟ್ಟಿ ಸಮೇತ ಪತ್ರ ಬರೆದು ಮ್ಯಾನೇಜ್‌ಮೆಂಟ್‌ಗೆ ತಲುಪಿಸಿ. ಕೈಯಾರೆ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು, ಗಂಟೆ ಹಾಕಿಸಿಕೊಳ್ಳಿ. ‘ಒಳಗಿಟ್ಟು ಹೋಗಿ, ಆಮೇಲೆ ಸಹಿ ಮಾಡ್ತೀವಿ’ ಎಂದರೆ ಇಟ್ಟು ಬರಬೇಡಿ. ಅಂಚೆ ಕಚೇರಿಗೆ ಹೋಗಿ ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಕಳಿಸಿ, ಒಂದು ಪ್ರತಿ ಲೇಬರ್ ಆಫೀಸರ್‌ಗೂ ಕೊಡಿ.

ಆಮೇಲಿನ ಕೆಲಸವನ್ನು ಅರ್ಧಕ್ಕರ್ಧ ಯೂನಿಯನ್‌ಗಳು ಮರೆಯುತ್ತವೆ. ಅದು ‘ಪ್ರೊಟೆಕ್ಟೆಡ್ ವರ್ಕರ್’, ರಕ್ಷಿತ ಕಾರ್ಮಿಕರ ಪಟ್ಟಿ. ನೋಂದಾಯಿತ ಯೂನಿಯನ್ನಿನ ಪದಾಧಿಕಾರಿಗಳಲ್ಲಿ, ಒಟ್ಟು ಕಾರ್ಮಿಕರ ಶೇ. 1ರಷ್ಟು ಜನರಿಗೆ ಈ ಸ್ಥಾನ ಸಿಗುತ್ತದೆ. ಕನಿಷ್ಠ 5, ಗರಿಷ್ಠ 100. 300 ಜನರಿದ್ದಲ್ಲಿ ಶೇ. 1 ಎಂದರೆ ಮೂರೇ, ಆದರೂ ಐದು ಮಂದಿಗೆ ಹಕ್ಕಿದೆ. ವಿವಾದ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೋ ಟ್ರಿಬ್ಯೂನಲ್ ಎಂಬ ಕೈಗಾರಿಕಾ ನ್ಯಾಯಮಂಡಳಿಯಲ್ಲೋ ಬಾಕಿ ಇರುವಾಗ ಇವರನ್ನು ಯಾವ ಕಾರಣಕ್ಕೂ ಅಲ್ಲಿಂದ ಲಿಖಿತ ಪೂರ್ವಾನುಮತಿ ಪಡೆಯದೆ ವಜಾ ಮಾಡುವಂತಿಲ್ಲ. ಈ ಸ್ಥಾನ ತಾನಾಗಿ ಬರುವುದಿಲ್ಲ. ಹಳೆಯ ಕೇಂದ್ರ ನಿಯಮದಲ್ಲಿ ಪ್ರತಿ ವರ್ಷ ಏಪ್ರಿಲ್ 30ರೊಳಗೆ ಹೆಸರು ಕೊಡಬೇಕಿತ್ತು, ಕಂಪನಿ 15 ದಿನದಲ್ಲಿ ಉತ್ತರಿಸಬೇಕಿತ್ತು, ಮಾನ್ಯತೆ 12 ತಿಂಗಳಿಗೆ ಮಾತ್ರ. ಗಡುವಿನ ತಾರೀಖು ನಿಮಗೆ ಅನ್ವಯಿಸುವ ನಿಯಮದಲ್ಲಿ ನೋಡಿಕೊಂಡು ವರ್ಷವರ್ಷವೂ ಹೊಸದಾಗಿ ಕೊಡಿ.

ಪಟ್ಟಿಯಲ್ಲಿಲ್ಲದ ಉಳಿದವರಿಗೂ ಸೆಕ್ಷನ್ 90ರ ನೆರಳಿದೆ. ಬೇಡಿಕೆ ಪಟ್ಟಿ ಸಲ್ಲಿಸಿ, ಮಾತುಕತೆ ಮುರಿದು, ವಿಷಯ ಸಂಧಾನಾಧಿಕಾರಿಯ ಮುಂದೆ ಹೋದ ಮೇಲೆ ಆ ವಿವಾದಕ್ಕೆ ಸಂಬಂಧಿಸಿದ ಆಪಾದನೆಯ ಮೇಲೆ ಯಾರನ್ನೂ ಅನುಮತಿಯಿಲ್ಲದೆ ಶಿಕ್ಷಿಸುವಂತಿಲ್ಲ. ಬೇರೆ ಆಪಾದನೆಯ ಮೇಲೆ ವಜಾ ಮಾಡುವುದಾದರೆ ಕಂಪನಿ ಒಂದು ತಿಂಗಳ ಸಂಬಳ ಕೊಟ್ಟು ಒಪ್ಪಿಗೆಗೆ ಅರ್ಜಿ ಹಾಕಬೇಕು. ಆ ಒಪ್ಪಿಗೆ ಇಲ್ಲದ ವಜಾ ಊರ್ಜಿತವೇ ಅಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹಳೆಯ ಸೆಕ್ಷನ್ 33ರ ಬಗ್ಗೆ ಹೇಳಿದೆ. ಒಂದು ಎಚ್ಚರ: ಈ ರಕ್ಷಣೆ ಅರ್ಜಿ ಕೊಟ್ಟ ದಿನದಿಂದಲ್ಲ, ಸಂಧಾನಾಧಿಕಾರಿ ಮೊದಲ ಸಭೆ ನಡೆಸಿದ ದಿನದಿಂದ ಎಂದು ಲೆಕ್ಕ ಇಟ್ಟುಕೊಳ್ಳಿ. ಅದಕ್ಕೇ ಬೇಗ ದಿನ ಗೊತ್ತುಮಾಡಿಸಲು ಅಧಿಕಾರಿಯ ಬೆನ್ನು ಬೀಳಬೇಕು.

ಸಿಟ್ಟಿನಲ್ಲಿ ಎಲ್ಲರೂ ಒಂದೇ ದಿನ ರಜೆ ಹಾಕುವುದು ಈಗ ದೊಡ್ಡ ಗುಂಡಿ. ಶೇ. 50ರಷ್ಟು ಮಂದಿ ಒಟ್ಟಾಗಿ ಕ್ಯಾಶುಯಲ್ ಲೀವ್ ಹಾಕಿದರೆ ಹೊಸ ಸಂಹಿತೆ ಅದನ್ನು ಮುಷ್ಕರ ಎನ್ನುತ್ತದೆ. ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಟ್ಟಿರಬೇಕು. ಕೊಡದಿದ್ದರೆ ಅದು ಕಾನೂನುಬಾಹಿರ, ವಜಾಕ್ಕೆ ಬೇಕಾದ ಕಾರಣವನ್ನು ನೀವೇ ಕೈಗಿಟ್ಟಂತೆ.

ಇನ್ನು ಆ ದಿನ ಬಂದೇಬಿಟ್ಟರೆ? ಬೆಳಗ್ಗೆ ಆರರ ಪಾಳಿಗೆ ಹೋದಾಗ ಪಂಚಿಂಗ್ ಆಗುವುದಿಲ್ಲ. ಸೆಕ್ಯೂರಿಟಿಯವನು ‘ಎಚ್‌ಆರ್ ಸಾಹೇಬ್ರು ಕರೀತಾರೆ’ ಎನ್ನುತ್ತಾನೆ. ಒಳಗೆ ಟೈಪ್ ಮಾಡಿಟ್ಟ ರಾಜೀನಾಮೆ ಪತ್ರ, ಪಕ್ಕದಲ್ಲಿ ಪೆನ್ನು. ‘ಸಹಿ ಹಾಕಿದ್ರೆ ಸೆಟ್ಲ್‌ಮೆಂಟ್ ಇವತ್ತೇ, ಇಲ್ಲದಿದ್ರೆ ಬೇರೆಲ್ಲೂ ಕೆಲಸ ಸಿಗದ ಹಾಗೆ ಮಾಡ್ತೀವಿ.’ ಸಹಿ ಹಾಕಬೇಡಿ. ರಾಜೀನಾಮೆ ಕೊಟ್ಟವನು ವಜಾ ಆದವನಲ್ಲ, ಅಲ್ಲಿಗೆ ಕೇಸಿನ ಬುಡವೇ ಹೋಯಿತು. ಬಲವಂತಕ್ಕೆ ಹಾಕಿಬಿಟ್ಟಿದ್ದರೆ ಅದೇ ದಿನ, ಸೂರ್ಯ ಮುಳುಗುವ ಮೊದಲು, ‘ಒತ್ತಾಯದಿಂದ ಸಹಿ ಪಡೆದಿದ್ದಾರೆ, ಹಿಂಪಡೆಯುತ್ತಿದ್ದೇನೆ’ ಎಂದು ಇಮೇಲ್ ಮಾಡಿ, ಅಂಚೆಯಲ್ಲೂ ಕಳಿಸಿ.

ಗೇಟಿನಲ್ಲೇ ತಡೆದರೆ ಮನೆಗೆ ಹೋಗಿ ಕೂರಬೇಡಿ. ‘ಇಂದು ಬೆಳಗ್ಗೆ 5.50ಕ್ಕೆ ಗೇಟಿಗೆ ಬಂದಿದ್ದೆ, ಒಳಗೆ ಬಿಡಲಿಲ್ಲ, ಕೆಲಸ ಮಾಡಲು ಸಿದ್ಧನಿದ್ದೇನೆ’ ಎಂಬ ಎರಡು ಸಾಲು ಅಂದೇ ಹೋಗಬೇಕು, ಮಾರನೇ ದಿನವೂ ಹೋಗಬೇಕು. ಇಲ್ಲದಿದ್ದರೆ ಹತ್ತು ದಿನ ಬಿಟ್ಟು ‘ಕೆಲಸ ತೊರೆದು ಹೋಗಿದ್ದಾನೆ’ ಎಂಬ ಪತ್ರ ಬರುತ್ತದೆ. ಹಾಗೆ ವಿಚಾರಣೆಯಿಲ್ಲದೆ ಹೆಸರು ತೆಗೆದುಹಾಕುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು 1993ರಲ್ಲೇ ಡಿ.ಕೆ. ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ನಿಮ್ಮ ಎರಡು ಸಾಲಿದ್ದರೆ ವಾದ ಅರ್ಧಕ್ಕೇ ಮುಗಿಯುತ್ತದೆ. ವರ್ಗಾವಣೆ ಆದೇಶ ಬಂದರೂ ಇದೇ ಮಾತು. ಮಧ್ಯಪ್ರದೇಶದ ದೇವಾಸ್‌ನಿಂದ ಸುಮಾರು 900 ಕಿ.ಮೀ. ದೂರದ ರಾಜಸ್ಥಾನದ ಚೋಪಾಂಕಿಗೆ ಕಂಪನಿಯೊಂದು ಮಾಡಿದ್ದ ವರ್ಗಾವಣೆಗಳು 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದವು. ಆ ಕಾರ್ಮಿಕರು ಸುಮ್ಮನೆ ಮನೆಯಲ್ಲಿ ಕೂರದೆ ವಿವಾದ ಎತ್ತಿದ್ದರು.

ಆಂತರಿಕ ವಿಚಾರಣೆಗೆ ಕರೆದರೆ ತಪ್ಪಿಸಬೇಡಿ. ಸಹೋದ್ಯೋಗಿಯೊಬ್ಬರ ನೆರವು ಲಿಖಿತವಾಗಿ ಕೇಳಿ, ದಾಖಲೆಗಳ ಪ್ರತಿ ಕೇಳಿ, ಕನ್ನಡದಲ್ಲೇ ನಡೆಸಿ ಎಂದು ಕೇಳಿ. ನಿರಾಕರಿಸಿದರೆ ಆ ನಿರಾಕರಣೆಯೇ ನಿಮಗೆ ದಾಖಲೆ. ಸಸ್ಪೆಂಡ್ ಮಾಡಿದ್ದರೆ ಮೊದಲ 90 ದಿನ ಅರ್ಧ ಸಂಬಳ ಜೀವನಾಧಾರ ಭತ್ಯೆಯಾಗಿ ಬರಬೇಕು.

ವಜಾ ಆದ ಮೇಲೆ ಸಂಧಾನಾಧಿಕಾರಿಗೆ ಅರ್ಜಿ ಕೊಡಲು ಹೆಚ್ಚೆಂದರೆ ಎರಡು ವರ್ಷ. ಸಂಧಾನಕ್ಕೆ 45 ದಿನ, ಅದು ಮುರಿದ ವರದಿ ಕೈಸೇರಿದ 90 ದಿನದೊಳಗೆ ಟ್ರಿಬ್ಯೂನಲ್ಲಿಗೆ ಅರ್ಜಿ. ಹಳೆಯ ಕಾಯ್ದೆಯಲ್ಲಿ ಅನುಚಿತ ಪದ್ಧತಿಗೆ ಆರು ತಿಂಗಳವರೆಗೆ ಜೈಲು ಇತ್ತು, ದಂಡ ಮಾತ್ರ ಸಾವಿರ ರೂಪಾಯಿ. ಈಗ ಮೊದಲ ತಪ್ಪಿಗೆ ಜೈಲು ಇಲ್ಲ, ದಂಡ ಹತ್ತು ಸಾವಿರದಿಂದ ಎರಡು ಲಕ್ಷ. ಆ ಕೇಸನ್ನು ಹಾಕುವುದೂ ಸರ್ಕಾರದ ಕೈಯಲ್ಲೇ ಇದೆ, ಕಾರ್ಮಿಕ ನೇರವಾಗಿ ಹಾಕುವ ಹಾಗಿಲ್ಲ. ಇದು ನಮ್ಮ ಕಾನೂನಿನ ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹಾಗಾಗಿ ದಂಡದ ಹಿಂದೆ ಓಡದೆ ಮರುನೇಮಕ ಮತ್ತು ಬಾಕಿ ವೇತನದ ಮೇಲೆ ಗಮನವಿಡಿ. ಮಧ್ಯೆ ಬೇರೆ ಕಡೆ ಸಂಬಳದ ಕೆಲಸ ಇರಲಿಲ್ಲ ಎಂದು ಅರ್ಜಿಯಲ್ಲೇ ಬರೆಯಿರಿ. ಬರೆಯದಿದ್ದರೆ ಬಾಕಿ ವೇತನ ಕತ್ತರಿಯಾಗುತ್ತದೆ.

ಗಾರ್ಮೆಂಟ್ಸ್‌ನವರಿಗೆ ಇನ್ನೊಂದು ದಾರಿಯಿದೆ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಯೂರೋ ಕ್ಲೋದಿಂಗ್ ಕಂಪನಿಯ ಘಟಕ ಮುಚ್ಚಿ ಸುಮಾರು 1,200 ಮಂದಿ ಕೆಲಸ ಕಳೆದುಕೊಂಡರು, ಅವರಲ್ಲಿ ಬಹುಪಾಲು ಯೂನಿಯನ್ ಸದಸ್ಯರು. ಅವರು ಗೇಟಿನ ಮುಂದೆ ಕೂತರು, ಜೊತೆಗೆ ಆ ಬಟ್ಟೆ ಕೊಳ್ಳುತ್ತಿದ್ದ ಎಚ್ ಅಂಡ್ ಎಂ ಬ್ರ್ಯಾಂಡಿನ ಮೇಲೂ ಇಂಡಸ್ಟ್ರಿಆಲ್ ಎಂಬ ಜಾಗತಿಕ ಒಕ್ಕೂಟದ ಮೂಲಕ ಒತ್ತಡ ತಂದರು. ಮರುವರ್ಷ ಮರುನೇಮಕಕ್ಕೆ ಒಪ್ಪಂದವಾಯಿತು. ನೀವು ಹೊಲಿಯುವ ಬಟ್ಟೆಯ ಲೇಬಲ್ಲಿನ ಹೆಸರು, ಹೊಲಿದ ತಿಂಗಳು, ಲೈನ್ ನಂಬರ್ ಮನೆಯ ಡೈರಿಯಲ್ಲಿ ಬರೆದಿಟ್ಟಿರಿ. ಪಕ್ಕದಲ್ಲೇ ನೇಮಕಾತಿ ಪತ್ರ, ಪಿಎಫ್ ಪಾಸ್‌ಬುಕ್ಕಿನ ಪ್ರಿಂಟ್, ಕೊನೆಯ ಆರು ತಿಂಗಳ ಪೇ ಸ್ಲಿಪ್, ಯೂನಿಯನ್ ರಸೀದಿ. ಗೇಟ್ ಪಾಸ್ ಕಿತ್ತುಕೊಂಡ ದಿನ ಕಂಪನಿಯ ಲಾಕರಿನಲ್ಲಿರುವ ಕಾಗದ ಒಂದೂ ಸಿಗುವುದಿಲ್ಲ.